ಗಾಯಕ್ಕೆ ನೊರೆ ಬರುವ ಔಷಧ ದಿನಾ ಹಾಕಬಹುದಾ?

ಸಿಂಧನೂರಿನಿಂದ:
ಅಪ್ಪನಿಗೆ 62 ವರ್ಷ, ಶುಗರ್ ಇದೆ. ಗದ್ದೆ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಪಾದದ ಪಕ್ಕ ಗಾಯವಾಯಿತು. 18 ದಿನವಾದರೂ ಮಾಯುತ್ತಿಲ್ಲ. ದಿನಾ ಎರಡು ಸಲ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ನೊರೆ ಒರೆಸಿ, ಮೇಲೆ ಕಂದು ಅಯೋಡಿನ್ ಹಚ್ಚುತ್ತೇವೆ. ನೊರೆ ಬಂದರೆ ಕೀವು ಹೋಗುತ್ತಿದೆ ಅಂತ ಅರ್ಥ ಅಲ್ವಾ? ಅನುಭವ ಇದ್ದವರು ಹೇಳಿ.

ಕೊಪ್ಪಳದಿಂದ:
ತಂಗಿ, ನಾನು 27 ವರ್ಷ ನರ್ಸ್ ಆಗಿದ್ದೆ. ಸಾವಿರಾರು ಡ್ರೆಸ್ಸಿಂಗ್ ಮಾಡಿದ್ದೇನೆ. ಮೊದಲು ಆ ಪೆರಾಕ್ಸೈಡ್ ನಿಲ್ಲಿಸು. ನೊರೆ ಬಂದರೆ ಕೀವು ಹೋಗುತ್ತಿದೆ ಅಂತ ಅರ್ಥ ಅಲ್ಲ. ನಮ್ಮ ರಕ್ತ, ಮಾಂಸದಲ್ಲಿ ಕ್ಯಾಟಲೇಸ್ ಅಂತ ಒಂದು ಅಂಶ ಇರುತ್ತದೆ. ಅದು ತಾಗಿದ ಕೂಡಲೇ ಪೆರಾಕ್ಸೈಡ್ ಒಡೆದು ನೀರು, ಆಮ್ಲಜನಕ ಆಗುತ್ತದೆ. ಆ ಗಾಳಿಯೇ ನೊರೆ. ಶುದ್ಧ ಗಾಯಕ್ಕೆ ಹಾಕಿದರೂ ಬರುತ್ತದೆ. ಪೆರಾಕ್ಸೈಡ್ ರೋಗಾಣುವಿನ ಜೊತೆಗೆ ಆಗತಾನೆ ಹುಟ್ಟುತ್ತಿರುವ ಹೊಸ ಮಾಂಸವನ್ನೂ ಸುಡುತ್ತದೆ. ಆಳವಾದ ಗಾಯದೊಳಗೆ ಸುರಿಯುವುದಂತೂ ಬೇಡವೇ ಬೇಡ. ಗಾಳಿ ರಕ್ತನಾಳಕ್ಕೆ ನುಗ್ಗಿದರೆ ಜೀವಕ್ಕೇ ಅಪಾಯ.

ಗಾಯ ತೊಳೆಯಲು ಶುದ್ಧ ನೀರು ಸಾಕು. ಇಲ್ಲವೆಂದರೆ ಮೆಡಿಕಲ್ ಶಾಪಿನಲ್ಲಿ 0.9 ಪರ್ಸೆಂಟ್ ಸಲೈನ್ ಸಿಗುತ್ತದೆ. ಪೊವಿಡೋನ್ ಅಯೋಡಿನ್ ಕೆಟ್ಟದ್ದಲ್ಲ. ಆದರೆ ಕೆಂಪು ಮಾಂಸ ತುಂಬಿಕೊಳ್ಳಲು ಶುರುವಾದ ಮೇಲೂ ವಾರಗಟ್ಟಲೆ ಹಚ್ಚುವುದು ಬೇಕಿಲ್ಲ. ಥೈರಾಯ್ಡ್ ಇದ್ದವರು, ಬಸುರಿಯರು ಕೇಳದೇ ಹಚ್ಚಬಾರದು.

ಇದೆಲ್ಲಕ್ಕಿಂತ ನನಗೆ ಚಿಂತೆ ಅಪ್ಪನ ಶುಗರ್‌ದು. ಶುಗರ್ ಇದ್ದವರ ಪಾದಕ್ಕೆ ನೋವೇ ಗೊತ್ತಾಗದೆ ಇರಬಹುದು. "ನೋವಿಲ್ಲ, ಬಿಡಮ್ಮ" ಅಂದರೆ ನಂಬಬೇಡ. ಅಂಚು ಕಪ್ಪಾಗಿದೆಯಾ, ವಾಸನೆ ಇದೆಯಾ, ಕೆಂಪು ಮೇಲಕ್ಕೆ ಹತ್ತಿದೆಯಾ, ಜ್ವರ ಇದೆಯಾ ನೋಡು. ಒಂದಿದ್ದರೂ ಅವತ್ತೇ ಡಾಕ್ಟರ ಹತ್ತಿರ ಹೋಗು. ಏನೂ ಕಾಣದಿದ್ದರೂ 18 ದಿನ ಜಾಸ್ತಿಯೇ ಆಯಿತು, ತೋರಿಸಲೇಬೇಕು. ಧನುರ್ವಾಯು ಬರದಂತೆ ಕೊಡುವ ಟಿಟಿ ಇಂಜೆಕ್ಷನ್ ಹಾಕಿಸಿದ್ದೀರಾ? ಮಣ್ಣು ಮೆತ್ತಿದ ಗಾಯಕ್ಕೆ ಹಿಂದಿನ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಮತ್ತೆ ಬೇಕು.

ಬಳ್ಳಾರಿಯಿಂದ:
ಮಗ ಸೈಕಲ್‌ನಿಂದ ಬಿದ್ದಾಗ, ನೀರಿಗೆ ಹಾಕಿದರೆ ಬೆಳ್ಳಗಾಗುವ ಆಂಟಿಸೆಪ್ಟಿಕ್ ಲಿಕ್ವಿಡ್ ಇರುತ್ತದಲ್ಲ, ಅದನ್ನು ನಾನು ನೀರು ಬೆರೆಸದೆ ಹತ್ತಿಯಲ್ಲಿ ಒತ್ತಿದ್ದೆ. ಉರಿದರೆ ಕೆಲಸ ಮಾಡುತ್ತಿದೆ ಅಂದುಕೊಂಡೆ. ಮರುದಿನ ತರಚಿದ ಜಾಗದ ಸುತ್ತ ಚರ್ಮ ಸುಟ್ಟು ಬೊಬ್ಬೆ ಬಂದಿತ್ತು. ಮಗುವಿನ ಅಳು ಇನ್ನೂ ಕಿವಿಯಲ್ಲಿದೆ. ಎಷ್ಟು ನೀರು ಬೆರೆಸಬೇಕು ಅಂತ ಬಾಟಲಿ ಮೇಲೇ ಬರೆದಿರುತ್ತದೆ, ದಯವಿಟ್ಟು ಓದಿ.

ಮಾನ್ವಿಯಿಂದ:
ನಮ್ಮ ಕಡೆ ಅರಿಶಿನ, ಕಾಫಿಪುಡಿ ತುಂಬುತ್ತಾರೆ. ನನ್ನ ಅತ್ತೆಗೂ ತುಂಬಿದ್ದೆವು. ಪುಡಿ ಗಟ್ಟಿಯಾಗಿ ಅಂಟಿಕೊಂಡು, ಅದನ್ನು ತೆಗೆಯುವಾಗ ಪಾಪ ತುಂಬಾ ನರಳಿದರು. ಗಾಳಿಗೆ ಬಿಟ್ಟು ಒಣಗಿಸುವುದೂ ಬೇಡ. ತೊಳೆದು, ಶುದ್ಧ ಬಟ್ಟೆ ಮುಚ್ಚಿ. ನೊಣ ಕೂರದಿದ್ದರೆ ಅರ್ಧ ಗೆದ್ದಂತೆ.

ಸಿಂಧನೂರಿನಿಂದ:
ಅಕ್ಕಾ, ಟಾರ್ಚ್ ಹಿಡಿದು ನೋಡಿದೆ. ಒಂದು ಅಂಚು ಕಪ್ಪಾಗಿದೆ. ಪಕ್ಕದಲ್ಲಿ ಬೆರಳಿಂದ ಒತ್ತಿದೆ, ಅಪ್ಪನಿಗೆ ಗೊತ್ತೇ ಆಗಲಿಲ್ಲ. ತಮ್ಮ ಆಟೋ ತರಲು ಹೋಗಿದ್ದಾನೆ, ಈಗಲೇ ಹೊರಡುತ್ತಿದ್ದೇವೆ.