ನಾಟಕ ಮುಗಿಯೋದು ರಾತ್ರಿ ಹತ್ತೂವರೆಗೆ, ಹೋಟೆಲಿಗೆ ವಾಪಸ್ ಹೋಗೋದು ಹೇಗೆ?

ಅಮ್ಮನಜೊತೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು, ಅಮ್ಮ ಬೇರೆ ಊರಿಗೆ ಹೋಗಿ ಒಂದು ನಾಟಕ ನೋಡಬೇಕು ಅಂತಿದ್ದೇವೆ. ಯಾವ ಊರು, ಯಾವ ದಿನ ಅಂತ ಬರೆಯುತ್ತಿಲ್ಲ. ಇಬ್ಬರೇ ಹೆಂಗಸರು ಇಂಥ ಹೋಟೆಲಿನಲ್ಲಿ ಇರ್ತೀವಿ ಅಂತ ಎಲ್ಲರಿಗೂ ಸಾರೋದು ಬೇಡ ಅಲ್ವಾ? ಯಾವ ಊರಿಗಾದರೂ ಆಗುವಂಥ ಉತ್ತರ ಕೊಟ್ಟರೆ ಸಾಕು.

ನಾಟಕ ಎಂಟಕ್ಕೆ ಶುರು. ಮಧ್ಯೆ ಒಂದು ವಿರಾಮ ಇದೆ. ಮುಗಿಯುವಾಗ ಹತ್ತೂವರೆ ದಾಟುತ್ತದೆ. ಮ್ಯಾಪ್‌ನಲ್ಲಿ ಹೋಟೆಲು ಒಂದೂವರೆ ಕಿಲೋಮೀಟರ್ ತೋರಿಸುತ್ತಿದೆ. ಅಮ್ಮನಿಗೆ ಅರವತ್ತೆಂಟು, ಮಂಡಿ ನೋವು, ಕೋಲು ಹಿಡಿದು ನಿಧಾನಕ್ಕೆ ನಡೆಯುತ್ತಾರೆ. ಅಲ್ಲಿನ ಭಾಷೆ ಇಬ್ಬರಿಗೂ ಬರಲ್ಲ. ವಿರಾಮದಲ್ಲೇ ಎದ್ದು ಬಂದುಬಿಡಿ ಅಂದ ನಮ್ಮಣ್ಣ. "ಕೊನೆ ನೋಡದೆ ಬರೋದಾದರೆ ಅಷ್ಟು ದೂರ ಯಾಕೆ ಹೋಗಲಿ?" ಅಂತ ಅಮ್ಮ ಅವನ ಬಾಯಿ ಮುಚ್ಚಿಸಿದರು.

ಕ್ಯಾಬಾ, ಬಸ್ಸಾ, ನಡೆಯೋದಾ? ಹೊರಗೆ ಬಂದ ಮೇಲೆ ಎಲ್ಲಿ ನಿಲ್ಲೋದು? ರಾತ್ರಿ ಓಡಾಡಿ ಅಭ್ಯಾಸ ಇರುವವರು ಹೇಳಿ.

---

ಸುಮ್ನೆಒಬ್ಬ:

ಅಕ್ಕಾ, ಕ್ಯಾಬ್ ಬುಕ್ ಮಾಡಿ, ಹತ್ತಿ, ಹೋಗಿ ಮಲಗಿ. ಒಂದೂವರೆ ಕಿಲೋಮೀಟರ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ? ನಾಟಕ ಹೇಗಿತ್ತು ಅಂತ ಆಮೇಲೆ ಬರೀರಿ, ಅದು ಬೇಕು.

---

ಮೂರನೇಬೆಲ್:

ನಾನು ನಾಟಕ ತಂಡವೊಂದರಲ್ಲಿ ರಂಗದ ಹಿಂದೆ ಕೆಲಸ ಮಾಡುವವಳು. ತಂಡದ ಜೊತೆ ಊರೂರು ಸುತ್ತುತ್ತೇನೆ. ನಾವು ಸೆಟ್ ಬಿಚ್ಚಿ, ಲೈಟ್ ಇಳಿಸಿ, ಬಟ್ಟೆ ಪೆಟ್ಟಿಗೆಗೆ ಬೀಗ ಹಾಕಿ ಹೊರಗೆ ಬರುವಷ್ಟರಲ್ಲಿ ನೋಡಲು ಬಂದವರೆಲ್ಲ ನಿದ್ದೆ ಮಾಡುತ್ತಿರುತ್ತಾರೆ. ಗೊತ್ತಿಲ್ಲದ ಊರಲ್ಲಿ ತಡರಾತ್ರಿ ಹೋಟೆಲಿಗೆ ಮರಳೋದು ನನ್ನ ಕೆಲಸದ ಒಂದು ಭಾಗವೇ ಆಗಿದೆ.

ಕ್ಯಾಬ್ ಅನ್ನೋದು ಸರಿ. ತಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ತೊಂದರೆ ಇರೋದು ಆ ಒಂದೂವರೆ ಕಿಲೋಮೀಟರ್‌ನಲ್ಲಿ ಅಲ್ಲ. ತೆರೆ ಬಿದ್ದು ಗಾಡಿ ಹತ್ತುವವರೆಗಿನ ಸಮಯ ಇದೆಯಲ್ಲ, ಅಲ್ಲಿ. ನೂರಾರು ಜನ ಒಟ್ಟಿಗೆ ಏಳುತ್ತಾರೆ. ಒಂದೇ ಬಾಗಿಲಿಂದ ಹೊರಗೆ ಬರುತ್ತಾರೆ. ಒಂದೇ ಹೊತ್ತಿಗೆ ಆಪ್ ತೆಗೆದು ಒಂದೇ ಜಾಗಕ್ಕೆ ಗಾಡಿ ಕರೆಯುತ್ತಾರೆ. ದರ ಏರುತ್ತದೆ. ಬಂದ ಗಾಡಿಗೆ ಗೇಟಿನ ಹತ್ತಿರ ಜಾಗ ಸಿಗದೆ ಮುಂದೆ ಎಲ್ಲೋ ನಿಲ್ಲುತ್ತದೆ. ಡ್ರೈವರ್ ಫೋನ್ ಮಾಡುತ್ತಾನೆ, ಗದ್ದಲದಲ್ಲಿ ಕೇಳಿಸಲ್ಲ, ಕೇಳಿಸಿದರೂ ಭಾಷೆ ಬರಲ್ಲ. ಕೈಯಲ್ಲಿ ಫೋನ್ ಎತ್ತಿ ಹಿಡಿದು, ಚೀಲದ ಜಿಪ್ ತೆಗೆದಿಟ್ಟುಕೊಂಡು, ಅತ್ತ ಇತ್ತ ನೋಡುತ್ತಾ ಜನ ನಿಂತಿರುತ್ತಾರೆ. ಜೇಬುಗಳ್ಳನಿಗೆ ಇದಕ್ಕಿಂತ ಒಳ್ಳೆ ಹೊತ್ತು ಯಾವುದು ಹೇಳಿ?

ಅದಕ್ಕೇ ಹೇಳೋದು, ತೆರೆ ಬಿದ್ದ ಮೇಲೆ ಕೂತೇ ಇರಿ. ಚಪ್ಪಾಳೆ ತಟ್ಟಿ, ಅಮ್ಮನ ಹತ್ತಿರ ನಾಟಕದ ಮಾತಾಡಿ. ಜನ ಕರಗಲಿ. ಆದರೆ ಪೂರ್ತಿ ಖಾಲಿ ಆಗುವ ತನಕ ಬೇಡ. ಹತ್ತು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಕೂತರೆ ಹೊರಗೆ ಯಾರೂ ಇರಲ್ಲ, ರಂಗಮಂದಿರದವರು ಲೈಟ್ ಆರಿಸುತ್ತಾ ನಿಮ್ಮನ್ನೇ ನೋಡುತ್ತಾರೆ. ಜನ ಅಷ್ಟಿಷ್ಟು ಇರುವಾಗಲೇ, ಒಳಗಿನ ಲಾಬಿಯಲ್ಲಿ ನಿಂತು ಗಾಡಿ ಕರೆಯಿರಿ. ಗಾಡಿ ಬಂತು ಅಂತ ಫೋನ್ ತೋರಿಸಿದ ಮೇಲೆ ಬಾಗಿಲು ದಾಟಿ.

ಪಿಕಪ್ ಜಾಗವನ್ನು ಆಪ್‌ನ ಪಾಡಿಗೆ ಬಿಡಬೇಡಿ. ದೊಡ್ಡ ಕಟ್ಟಡದ ಒಳಗಿದ್ದಾಗ ಜಿಪಿಎಸ್ ಸರಿಯಾಗಿ ಹಿಡಿಯಲ್ಲ. ಪಿನ್ ಎಷ್ಟೋ ಸಲ ಹಿಂದಿನ ಗಲ್ಲಿಯಲ್ಲಿ ಹೋಗಿ ಕೂರುತ್ತದೆ. ನಾವು ಸೆಟ್ ಇಳಿಸುವ ಗಲ್ಲಿ ಅದು. ಒಂದು ಬಲ್ಬು, ನಾಲ್ಕು ಕಸದ ಡಬ್ಬಿ. ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಡಿ. ನಾಟಕಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಬೆಳಕಿರುವ ಮೂಲೆಯೊಂದನ್ನು ನೋಡಿಟ್ಟುಕೊಳ್ಳಿ. ಗಾಡಿ ನಿಲ್ಲಿಸಲು ಜಾಗ ಇರಬೇಕು, ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆದಿರುವ ಅಂಗಡಿಯೋ ಹೋಟೆಲೋ ಪಕ್ಕದಲ್ಲಿರಬೇಕು. ರಂಗಮಂದಿರದ ಬಾಗಿಲಲ್ಲಿ ಟಿಕೆಟ್ ನೋಡುವವರನ್ನು ಕೇಳಿದರೆ "ಇಲ್ಲಿ ಬೇಡ, ಆ ಕಡೆ ನಿಲ್ಲಿ" ಅಂತ ಅವರೇ ಹೇಳುತ್ತಾರೆ. ದಿನಾ ರಾತ್ರಿ ಅದೇ ನೋಡುವವರು ಅವರು.

ಇನ್ನು ಅಮ್ಮನ ವಿಷಯ. ನಾನು ಕಳ್ಳನಿಗಿಂತ ಮೆಟ್ಟಿಲಿಗೆ ಜಾಸ್ತಿ ಹೆದರುತ್ತೇನೆ. ಎರಡು ಗಂಟೆ ಕೂತ ಮಂಡಿ ಹಿಡಿದುಕೊಂಡಿರುತ್ತದೆ. ಬೆಳಕಿನ ಲಾಬಿಯಿಂದ ಕತ್ತಲೆ ರಸ್ತೆಗೆ ಇಳಿದಾಗ ಕಣ್ಣು ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ವಯಸ್ಸಾದವರಿಗೆ ಇನ್ನೂ ನಿಧಾನ. ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ. ಬಾಗಿಲ ಹೊರಗಿನ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿದವರನ್ನು ನಾನೇ ಹಿಡಿದು ಕೂರಿಸಿದ್ದೇನೆ. ಓಣಿ ಪಕ್ಕದ ಸೀಟು ಕೇಳಿ ತೆಗೆದುಕೊಳ್ಳಿ. ವಿರಾಮದಲ್ಲಿ ಅಮ್ಮ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಇಳಿಯುವಾಗ ಕೋಲು ಒಂದು ಕೈಯಲ್ಲಿ, ಕಂಬಿ ಇನ್ನೊಂದು ಕೈಯಲ್ಲಿ. ಚೀಲ ನಿಮ್ಮ ಹತ್ತಿರ. ಲಿಫ್ಟ್ ಇದೆಯಾ ಅಂತ ಟಿಕೆಟ್ ತೆಗೆಯುವಾಗಲೇ ಕೇಳಿ. ಸಾಮಾನ್ಯವಾಗಿ ಅದು ಮುಂಬಾಗಿಲಲ್ಲಿ ಇರಲ್ಲ. ಯಾವುದೋ ಪಕ್ಕದ ಬಾಗಿಲಲ್ಲಿ ಇರುತ್ತದೆ.

ಫೋನ್ ಬಗ್ಗೆ ಒಂದೇ ಮಾತು: ರಾತ್ರಿಗೆ ಚಾರ್ಜ್ ಉಳಿಸಿ. ದಿನವೆಲ್ಲ ಊರು ಸುತ್ತಿ ಫೋಟೊ ತೆಗೆದು ಎಂಟು ಪರ್ಸೆಂಟ್ ಇಟ್ಟುಕೊಂಡು ನಾಟಕಕ್ಕೆ ಬರುವವರು ಬಹಳ. ಒಳಗೆ ಹೋದಾಗ ಫ್ಲೈಟ್ ಮೋಡ್ ಹಾಕಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹೋಟೆಲಿನ ವಿಳಾಸ ಅಲ್ಲಿನ ಲಿಪಿಯಲ್ಲಿ ಬರೆದ ಚೀಟಿ ಇಬ್ಬರ ಹತ್ತಿರವೂ ಇರಲಿ. ಕಾಗದದ್ದೇ.

---

ಸುಮ್ನೆಒಬ್ಬ:

ಕಸದ ಡಬ್ಬಿ ಗಲ್ಲಿ ಓದಿ ನಗು ಬಂತು. ನನ್ನ ಪಿನ್ ಕೂಡ ಯಾವಾಗಲೂ ಅಲ್ಲೇ ಹೋಗಿ ಬೀಳೋದು. ಆದರೆ ಸ್ವಲ್ಪ ಹೆದರಿಸಿದ ಹಾಗೆ ಆಗಲಿಲ್ವಾ? ನಾಟಕ ಬಿಟ್ಟ ಹೊತ್ತಲ್ಲಿ ರಸ್ತೆ ತುಂಬಾ ಜನ ಇರ್ತಾರೆ. ಆ ಜನದ ಜೊತೆ ದೊಡ್ಡ ರಸ್ತೆಯಲ್ಲಿ ನಡೆದು ಹೋಗೋದೇ ನನಗೆ ಇಷ್ಟ. ಒಬ್ಬನೇ ಕ್ಯಾಬ್ ಒಳಗೆ ಕೂರೋದಕ್ಕಿಂತ ಅದೇ ವಾಸಿ.

---

ಮೂರನೇಬೆಲ್:

ಇಪ್ಪತ್ತೈದರ ಹುಡುಗನ ಕಾಲಿಗೆ ಅದು ಸರಿ. ನಾನೂ ನಡೆಯುತ್ತೇನೆ. ಆದರೆ ಆ ಜನ ಮೊದಲ ಎರಡು ತಿರುವಿಗೆ ಮಾತ್ರ. ಆಮೇಲೆ ಒಬ್ಬರು ಪಾರ್ಕಿಂಗ್‌ಗೆ, ಇನ್ನೊಬ್ಬರು ಸ್ಟೇಷನ್‌ಗೆ. ನಿಧಾನಕ್ಕೆ ನಡೆಯುವವರು ಹಿಂದೆ ಉಳಿಯುತ್ತಾರೆ. ಹೆಚ್ಚು ಜನ ಇದ್ದಾರೆ ಅಂದುಕೊಂಡು ಹೊರಟರೆ ಅರ್ಧ ದಾರಿಯಲ್ಲಿ ನೀವಿಬ್ಬರೇ ಆಗಿರುತ್ತೀರಿ. ನಡೆಯಲೇಬೇಕು ಅಂದರೆ ಅದೇ ದಾರಿಯನ್ನು ಹಗಲು ಒಮ್ಮೆ ಹೋಟೆಲ್ ಕಡೆಗೆ ನಡೆದು ನೋಡಿ. ಮ್ಯಾಪ್ ತೋರಿಸುವ ಹತ್ತಿರದ ದಾರಿ ಪಾರ್ಕ್ ನಡುವೆಯೋ ಸುರಂಗದ ಒಳಗೋ ಹೋಗುತ್ತಾ ಅಂತ ಆಗಲೇ ಗೊತ್ತಾಗುತ್ತದೆ.

---

ರಾತ್ರಿಪಾಳಿ:

ಹೋಟೆಲ್ ರಿಸೆಪ್ಷನ್‌ನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ನಿಮ್ಮ ದಾರಿಯ ಈ ಕೊನೆಯಲ್ಲಿ ಕೂತಿರುವವನು ನಾನು, ಹಾಗಾಗಿ ಈ ಕಡೆಯದು ಹೇಳುತ್ತೇನೆ ಮೇಡಂ.

ಸಂಜೆ ಹೊರಡುವಾಗ ಡೆಸ್ಕಿನವರಿಗೆ ಹೇಳಿ ಹೋಗಿ, "ನಾಟಕಕ್ಕೆ ಹೋಗ್ತಿದ್ದೇವೆ, ಹನ್ನೊಂದು ಹನ್ನೊಂದೂವರೆ ಆಗುತ್ತೆ" ಅಂತ. ಪಾಳಿ ಬದಲಾದಾಗ ನಮಗೆ ಹೇಳಿ ಹೋಗುತ್ತಾರೆ. ಇಷ್ಟು ಹೊತ್ತಾದರೂ ಬಂದಿಲ್ಲ ಅಂತ ಯೋಚಿಸಲು ಒಬ್ಬರಾದರೂ ಇರುತ್ತಾರೆ. ಆಗಲೇ ಇನ್ನೊಂದು ಕೇಳಿ: ಮುಂಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ? ಚಿಕ್ಕ ಹೋಟೆಲುಗಳಲ್ಲಿ ರಾತ್ರಿ ಬಾಗಿಲು ಹಾಕಿರುತ್ತಾರೆ. ಬೆಲ್ ಒತ್ತಬೇಕು, ಇಲ್ಲಾ ಕೀ ಕಾರ್ಡ್ ಹಿಡಿಯಬೇಕು. ಬೆಲ್ ಎಲ್ಲಿದೆ ಅಂತ ಹಗಲೇ ನೋಡಿ. ರಾತ್ರಿ ಗಾಜಿನ ಬಾಗಿಲು ತಟ್ಟುತ್ತಾ ನಿಲ್ಲುವ ಅತಿಥಿಗಳನ್ನು ನೋಡಿದರೆ ಪಾಪ ಅನಿಸುತ್ತದೆ. ಗುಂಡಿ ಅವರ ಮೊಣಕೈ ಹತ್ತಿರವೇ ಇರುತ್ತದೆ.

ಕೀ ಕಾರ್ಡ್ ಕೊಡುವ ಕಾಗದದ ಕವರ್ ಮೇಲೆ ರೂಮ್ ನಂಬರ್ ಬರೆದಿರುತ್ತದೆ. ಆ ಕವರ್ ರೂಮಿನಲ್ಲೇ ಬಿಡಿ, ಕಾರ್ಡ್ ಮಾತ್ರ ತೆಗೆದುಕೊಂಡು ಹೋಗಿ. ಎರಡೂ ಒಟ್ಟಿಗೆ ಕಳೆದರೆ ಸಿಕ್ಕವರಿಗೆ ರೂಮೇ ಸಿಕ್ಕ ಹಾಗೆ. ಕಪ್ಪು ಪಟ್ಟಿ ಇರುವ ಕಾರ್ಡ್ ಆದರೆ ಫೋನಿನ ಆಯಸ್ಕಾಂತದ ಕವರ್ ಜೊತೆ ಇಡಬೇಡಿ, ಕೆಲಸ ಮಾಡೋದು ನಿಲ್ಲಿಸುತ್ತದೆ. ರಾತ್ರಿ ಹನ್ನೊಂದೂವರೆಗೆ ಮೂರನೇ ಮಹಡಿಯಿಂದ ವಾಪಸ್ ಇಳಿದು ಬರುವವರಲ್ಲಿ ಬಹಳ ಜನ ಇದೇ ಕೇಸು.

ಒಂದೇ ಹೆಸರಿನ ಹೋಟೆಲು ಒಂದೇ ಊರಲ್ಲಿ ಎರಡು ಮೂರು ಕಡೆ ಇರುತ್ತದೆ. ಡ್ರೈವರ್‌ಗೆ ಬರೀ ಹೆಸರು ಹೇಳಿದರೆ ಬೇರೆ ಕಡೆ ಇಳಿಸುತ್ತಾನೆ. ಅವನದೇನೂ ತಪ್ಪಿಲ್ಲ. ಮೇಲೆ ಹೇಳಿದ ಚೀಟಿ ಇದಕ್ಕೇ ಬೇಕು. ರಸ್ತೆ ಹೆಸರು ಇರಲಿ, ನಮ್ಮ ಫೋನ್ ನಂಬರ್ ಇರಲಿ. ನಂಬರ್ ಇದ್ದರೆ ಡ್ರೈವರ್ ಜೊತೆ ಅವನ ಭಾಷೆಯಲ್ಲಿ ನಾವೇ ಮಾತಾಡುತ್ತೇವೆ. ಇದನ್ನು ಕೇಳಲು ಜನ ಯಾಕೋ ಸಂಕೋಚಪಡುತ್ತಾರೆ. ನಮಗೆ ಎರಡು ನಿಮಿಷದ ಕೆಲಸ ಅದು.

ಯಾರೋ ಹಿಂದೆ ಬರ್ತಿದ್ದಾರೆ ಅನಿಸಿದರೆ ಲಿಫ್ಟ್ ಹತ್ತಬೇಡಿ, ನೇರ ಡೆಸ್ಕಿಗೆ ಬನ್ನಿ. ನೀರು ಕೇಳಿ, ಬೆಳಗಿನ ತಿಂಡಿ ಎಷ್ಟು ಹೊತ್ತಿಗೆ ಅಂತ ಕೇಳಿ, ಏನಾದರೂ ಕೇಳುತ್ತಾ ನಿಲ್ಲಿ. ನಮಗೆ ಅರ್ಥ ಆಗುತ್ತದೆ. ರೂಮಿಗೆ ಹೋದ ಮೇಲೆ "ರಿಸೆಪ್ಷನ್‌ನಿಂದ ಬಂದಿದ್ದೀವಿ, ಬಾಗಿಲು ತೆಗೀರಿ" ಅಂತ ಯಾರಾದರೂ ತಟ್ಟಿದರೆ ಮೊದಲು ಡೆಸ್ಕಿಗೆ ಫೋನ್ ಮಾಡಿ ಕೇಳಿ. ನಮಗೆ ಬೇಜಾರಾಗಲ್ಲ.

---

ಅಮ್ಮನಜೊತೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಮೆಟ್ಟಿಲಿನ ಮಾತು ಬಂದಾಗ "ಆಯಮ್ಮಂಗೆ ಮಂಡಿ ನೋವು ಗೊತ್ತು ಕಣೆ" ಅಂದರು. ಓಣಿ ಪಕ್ಕದ ಸೀಟಿಗೆ ಬದಲಾಯಿಸಿಕೊಂಡೆ, ಒಂದು ಸಾಲು ಹಿಂದೆ ಹೋಯಿತು, ಪರವಾಗಿಲ್ಲ.

ಇನ್ನೂ ಎರಡು ಅನುಮಾನ. ಹತ್ತುವ ಗಾಡಿ ನಮ್ಮದೇ ಅಂತ ಕತ್ತಲಲ್ಲಿ ಗೊತ್ತಾಗೋದು ಹೇಗೆ? ಮತ್ತೆ ಬಸ್ಸನ್ನು ಯಾರೂ ಹೇಳಲೇ ಇಲ್ಲ. ಹೋಟೆಲ್ ಎದುರೇ ಸ್ಟಾಪ್ ಇದೆ.

---

ಮೂರನೇಬೆಲ್:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಬಣ್ಣ, ಮಾಡೆಲ್ ನೋಡಿ ಹತ್ತಬೇಡಿ, ಬಿಳಿ ಕಾರು ಸಾಲಾಗಿ ನಿಂತಿರುತ್ತವೆ. ನಂಬರ್ ಪ್ಲೇಟ್ ಓದಿ. ನಿಮ್ಮ ಹೆಸರು ನೀವಾಗಿ ಹೇಳಬೇಡಿ. "ಯಾರ ಹೆಸರಿಗೆ ಬುಕ್ ಆಗಿದೆ?" ಅಂತ ಅವನನ್ನೇ ಕೇಳಿ. ಊಬರ್‌ನಲ್ಲಿ 4 ಅಂಕಿಯ ಪಿನ್ ಆನ್ ಮಾಡಿಕೊಳ್ಳುವ ಸೌಲಭ್ಯ ಇದೆ. ಆ ಪಿನ್ ಹಾಕದೆ ಡ್ರೈವರ್ ಟ್ರಿಪ್ ಶುರು ಮಾಡಲಾಗಲ್ಲ. ಭಾಷೆ ಬರದವರಿಗೆ ಇದು ಒಳ್ಳೆಯದು, ಬೆರಳಲ್ಲೇ ತೋರಿಸಿದರೂ ಆಯಿತು. ಹಿಂದಿನ ಸೀಟಲ್ಲಿ ಕೂತು, ಬಾಗಿಲು ಹಾಕುವ ಮೊದಲು ಬಾಗಿಲಿನ ಅಂಚಿನಲ್ಲಿ ಚೈಲ್ಡ್ ಲಾಕ್ ಇದೆಯಲ್ಲ, ಒಳಗಿನಿಂದ ಬಾಗಿಲು ತೆರೆಯದ ಹಾಗೆ ಮಾಡುವ ಆ ಪುಟ್ಟ ಕಡ್ಡಿ, ಅದನ್ನು ಒಮ್ಮೆ ನೋಡಿ. ಹಾಕಿದ್ದರೆ ತೆಗೆಸಿ. "ಆಪ್‌ನಲ್ಲಿ ಕ್ಯಾನ್ಸಲ್ ಮಾಡಿ, ದುಡ್ಡು ಕೈಗೆ ಕೊಡಿ" ಅಂದರೆ ಇಳಿದುಬಿಡಿ. ಕ್ಯಾನ್ಸಲ್ ಆದ ಮೇಲಿನ ಪ್ರಯಾಣ ಆಪ್‌ನಲ್ಲಿ ದಾಖಲಾಗಲ್ಲ.

ಅಣ್ಣನಿಗೆ ವಾಟ್ಸಾಪ್‌ನಲ್ಲಿ ಲೈವ್ ಲೊಕೇಷನ್ ಕಳಿಸಿ. 15 ನಿಮಿಷ, 1 ಗಂಟೆ, 8 ಗಂಟೆ ಅಂತ ಕೇಳುತ್ತದೆ, 1 ಗಂಟೆ ಸಾಕು. ಅರ್ಧಕ್ಕೇ ಎದ್ದು ಬನ್ನಿ ಅಂದವರಿಗೂ ಒಂದು ಕೆಲಸ ಸಿಕ್ಕ ಹಾಗಾಯಿತು.

ಬಸ್ಸು ಚೆನ್ನಾಗಿದೆ, ನಾನು ಬರೆಯಲಿಲ್ಲ ಅಷ್ಟೇ. ಕೊನೆ ಬಸ್ಸು ಎಷ್ಟಕ್ಕೆ ಅಂತ ನೋಡುವಾಗ ನೀವು ಹೋಗುವ ವಾರದ ದಿನದ್ದೇ ನೋಡಿ, ಶನಿವಾರ ಭಾನುವಾರದ ವೇಳೆ ಬೇರೆ ಇರುತ್ತದೆ. ಕೊನೆ ಬಸ್ಸನ್ನೇ ನಂಬಿಕೊಂಡು ಹೋಗಬೇಡಿ, ಅದರ ಹಿಂದಿನದಕ್ಕೆ ಲೆಕ್ಕ ಹಾಕಿ. ಡ್ರೈವರ್ ಹತ್ತಿರದ ಸೀಟಲ್ಲಿ ಕೂರಿ. ಹೋಟೆಲ್ ಎದುರಿನ ಸ್ಟಾಪ್ ರಸ್ತೆಯ ಯಾವ ಬದಿಯದ್ದು ಅಂತ ನೋಡಿದ್ದೀರಾ? ವಾಪಸ್ ಬರುವ ಬಸ್ಸು ಆಚೆ ಬದಿಯಲ್ಲಿ ನಿಲ್ಲಿಸುತ್ತದೆ. ರಾತ್ರಿ ಕೋಲು ಹಿಡಿದು ದೊಡ್ಡ ರಸ್ತೆ ದಾಟಬೇಕಾದರೆ ಕ್ಯಾಬೇ ಮೇಲು.

---

ರಾತ್ರಿಪಾಳಿ:

ಒಂದು ಸೇರಿಸುತ್ತೇನೆ. ಬಹಳಷ್ಟು ದೇಶಗಳಲ್ಲಿ ಮೊಬೈಲ್‌ನಿಂದ 112 ಒತ್ತಿದರೆ ಅಲ್ಲಿನ ತುರ್ತು ಸೇವೆಗೆ ಹೋಗುತ್ತದೆ. ಆದರೂ ಆ ಊರಿನ ನಂಬರ್ ಯಾವುದು ಅಂತ ಹೋದ ದಿನವೇ ಡೆಸ್ಕಿನಲ್ಲಿ ಕೇಳಿ, ಚೀಟಿಯ ಹಿಂದೆ ಬರೆದುಕೊಳ್ಳಿ. ಮತ್ತೆ ಮೇಡಂ, ಎಷ್ಟೋ ಹೋಟೆಲುಗಳು ತಾವೇ ಗಾಡಿ ಕಳಿಸುತ್ತವೆ. ಸ್ವಲ್ಪ ಜಾಸ್ತಿ ಆಗಬಹುದು. ಆದರೆ ಗೊತ್ತಿರುವ ಡ್ರೈವರ್ ಬರುತ್ತಾನೆ, ಅಮ್ಮನಿಗೆ ಬಾಗಿಲ ತನಕ ಬರುತ್ತದೆ. ಸಂಜೆ ಹೊರಡುವಾಗಲೇ ಹೇಳಿದರೆ ವ್ಯವಸ್ಥೆ ಆಗುತ್ತದೆ. ಹತ್ತೂವರೆಗೆ ಫೋನ್ ಮಾಡಿ ಕೇಳಿದರೆ ಆಗ ಸಿಗೋದು ಕಷ್ಟ.

---

ಅಮ್ಮನಜೊತೆ:

ಈಗಷ್ಟೇ ಹೋಟೆಲಿಗೆ ಫೋನ್ ಮಾಡಿದೆ. ಗಾಡಿ ಕಳಿಸುತ್ತಾರಂತೆ, ಕಾಯುವುದಕ್ಕೆ ಬೇರೆ ದುಡ್ಡಂತೆ. ಸ್ಟಾಪ್ ನೋಡಿದೆ, ನೀವು ಹೇಳಿದ ಹಾಗೇ ಆಚೆ ಬದಿಯದ್ದು, ಮಧ್ಯೆ ನಾಲ್ಕು ಲೇನ್. ಬಸ್ಸು ಬಿಟ್ಟೆ. ಮೂರನೇಬೆಲ್ ಅವರೇ, ನಾಟಕ ನಿಜವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ರಂಗಮಂದಿರಕ್ಕೆ ಫೋನ್ ಮಾಡಿ ಕೇಳಿದರೆ ಹೇಳ್ತಾರಾ?

---

ಮೂರನೇಬೆಲ್:

ಹೇಳುತ್ತಾರೆ, ಧಾರಾಳವಾಗಿ ಕೇಳಿ. ವಿರಾಮ ಸೇರಿಸಿ ಎಷ್ಟು ಹೊತ್ತು ಅಂತ ಕೇಳಿ, ಇಲ್ಲದಿದ್ದರೆ ಬರೀ ನಾಟಕದ ಅವಧಿ ಹೇಳಿಬಿಡುತ್ತಾರೆ. ಅವರು ಹೇಳಿದ ಹೊತ್ತಿಗೆ ಕಾಲು ಗಂಟೆ ಸೇರಿಸಿ ಗಾಡಿಗೆ ಸಮಯ ಕೊಡಿ. ನಾಟಕ ಶುರು ಅಂತ ಹೊಡೆಯುವ ಮೂರನೇ ಬೆಲ್ ಯಾವತ್ತೂ ಸರಿಯಾದ ಹೊತ್ತಿಗೆ ಹೊಡೆಯಲ್ಲ, ಹೊಡೆಯುವವಳೇ ಹೇಳ್ತಿದ್ದೀನಿ.