ಮರು: ‘ವಿಜ್ಞಾಪನೆ ಮಾಡಿದ ತುರಮುಖ ಪ್ರದೇಶ’ – ಫಲಕಕ್ಕೆ ಸರಿಯಾದ ಕನ್ನಡ ಯಾವುದು?

ಮಾನ್ಯರೇ,

ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಳಿವೆಯ ಹತ್ತಿರ ನಿಲ್ಲಿಸಲಿರುವ ಫಲಕದ ಕನ್ನಡ ಕರಡನ್ನು ತಿದ್ದಿಕೊಡುವಂತೆ ಕಚೇರಿಯೊಂದು ನನ್ನನ್ನು ಕೇಳಿದ್ದು, ಗುರುವಾರದೊಳಗೆ ಅದು ಬರೆಯುವವರ ಕೈ ಸೇರಬೇಕಾಗಿದೆ. ಮಲಯಾಳದ ‘ವಿಜ್ಞಾಪನಂ ಚೆಯ್ದ ತುರಮುಖ ಪ್ರದೇಶಂ’ (ತುರಮುಖವೆಂದರೆ ಬಂದರು) ಎಂಬುದು ಕರಡಿನಲ್ಲಿ ‘ವಿಜ್ಞಾಪನೆ ಮಾಡಿದ ತುರಮುಖ ಪ್ರದೇಶ’ ಎಂದಾಗಿದೆ. ಇದಕ್ಕೆ ಸರಿಯಾದ ಕನ್ನಡ ಯಾವುದೆಂಬ ನನ್ನ ಪ್ರಶ್ನೆಗೆ ಇದುವರೆಗೆ ಬಂದ ಉತ್ತರಗಳೆಲ್ಲ ‘ಬಂದರು’ ನಮ್ಮದೋ ಅಲ್ಲವೋ ಎಂಬಲ್ಲಿಯೇ ಸುತ್ತುತ್ತಿರುವುದರಿಂದ ನನ್ನ ನಿಲುವನ್ನು ಬಿಡಿಸಿ ಹೇಳುತ್ತೇನೆ.

ಕರಡಿನ ದೊಡ್ಡ ತಪ್ಪು ಮೊದಲ ಪದದಲ್ಲಿದೆ. ಮಲಯಾಳದಲ್ಲಿ ವಿಜ್ಞಾಪನವೆಂದರೆ ಸರಕಾರ ಹೊರಡಿಸುವ ಅಧಿಸೂಚನೆ. ಕನ್ನಡದಲ್ಲಿ ಅದು ಕೆಳಗಿನವನು ಮೇಲಿನವನಲ್ಲಿ ಮಾಡಿಕೊಳ್ಳುವ ಅರಿಕೆ. ನಮ್ಮ ಬಿನ್ನಪ, ಬಿನ್ನಹಗಳು ಹುಟ್ಟಿದ್ದು ಆ ಪದದಿಂದಲೇ. ಸಂಸ್ಕೃತದ ಒಂದೇ ಪದ ಎರಡು ಭಾಷೆಗಳಲ್ಲಿ ಎರಡು ದಾರಿ ಹಿಡಿದಾಗ ಲಿಪಿ ಬದಲಾಯಿಸಿದ ಮಾತ್ರಕ್ಕೆ ಅನುವಾದವಾಗುವುದಿಲ್ಲ. ಇಲ್ಲಿ ‘ಅಧಿಸೂಚಿತ’ ಎಂದೇ ಆಗಬೇಕು.

‘ಬಂದರು’ ಪಾರಸಿಯಿಂದ ಬಂದದ್ದು ನಿಜ, ಇರಾನಿನ ಬಂದರ್ ಅಬ್ಬಾಸ್ ಹೆಸರಿನಲ್ಲಿ ಈಗಲೂ ಇರುವುದು ಅದೇ. ಆದರೆ ಮಚಲೀಪಟ್ಟಣವನ್ನು ಆಂಧ್ರದವರು ಬಂದರು ಎಂದೇ ಕರೆಯುತ್ತಾರೆ, ಮಂಗಳೂರಿನಲ್ಲಿ ಒಂದು ಪೇಟೆಗೇ ಆ ಹೆಸರಿದೆ. ಕರಾವಳಿಯ ಬಾಯಲ್ಲಿ ಇಷ್ಟು ಬೇರೂರಿದ ಮಾತನ್ನು ಕಿತ್ತು ಅಲ್ಲಿ ‘ಹಡಗುದಾಣ’ವನ್ನು ನೆಡಬೇಕೆಂಬ ಸಲಹೆಯನ್ನು ನಾನು ಒಪ್ಪಲಾರೆ. ಆ ಸಲಹೆ ಕೊಟ್ಟವರೇ ದೋಣಿ, ಹಡಗು ನಿಲ್ಲುವ ಕಟ್ಟೆಯೆಂಬ ಅರ್ಥದ ‘ಧಕ್ಕೆ’ಯನ್ನು ಅಚ್ಚಕನ್ನಡವೆಂದು ಬರೆದಿದ್ದಾರೆ, ಅದು ಮರಾಠಿಯಲ್ಲಿಯೂ ಇರುವ ಮಾತು, ಮುಂಬಯಿಯ ಭಾವುಚಾ ಧಕ್ಕಾ ಕೇಳಿದವರಿಗೆ ಗೊತ್ತಿರುತ್ತದೆ. ‘ತುರಮುಖ’ದಲ್ಲಿ ಮುಖ ಸಂಸ್ಕೃತವಾದ್ದರಿಂದ ಅದನ್ನು ಹಾಗೆಯೇ ಉಳಿಸಬಹುದೆಂಬ ವಾದಕ್ಕೂ ಅರ್ಥವಿಲ್ಲ, ಏಕೆಂದರೆ ಆ ಫಲಕವನ್ನು ಓದುವ ಕನ್ನಡಿಗನಿಗೆ ‘ತುರ’ ಏನೆಂದು ತಿಳಿಯದು.

ನನ್ನನ್ನು ಹೆಚ್ಚು ಕಾಡಿದ್ದು ‘ಪ್ರದೇಶ’. ಅದನ್ನು ಓದಿದವರಿಗೆ ನೆಲವಷ್ಟೇ ಕಣ್ಣಿಗೆ ಬರುತ್ತದೆ, ‘ವಲಯ’ವೆಂದರೆ ಕೈಗಾರಿಕೆಯ ನೆನಪಾಗುತ್ತದೆ. ಆದರೆ 1908ರ ಭಾರತೀಯ ಬಂದರು ಕಾಯಿದೆ ಬಂದರಿಗೆ ಮಾತ್ರವಲ್ಲ, ಅಲ್ಲಿಗೆ ಹೋಗುವ ಹೊಳೆ ಮತ್ತು ಕಾಲುವೆಗಳ ಹಡಗು ಸಾಗುವ ಭಾಗಗಳಿಗೂ ಅನ್ವಯಿಸುವಂತೆ ರಚಿತವಾಗಿತ್ತು, ದಡದಲ್ಲಿ ಭರತರೇಖೆಯಿಂದ (ಭರತದ ನೀರು ಏರಿ ಮುಟ್ಟುವ ಗೆರೆಯಿಂದ) 50 ಗಜದೊಳಗಿನ ನೆಲವನ್ನೂ ಸರಕಾರ ಅದಕ್ಕೆ ಸೇರಿಸಬಹುದಾಗಿತ್ತು. ಈಗ ಅದರ ಜಾಗಕ್ಕೆ 2025ರ ಕಾಯಿದೆ ಬಂದಿದೆಯಾದರೂ ಕರಡು ಹಳೆಯ ಮಾತುಗಳನ್ನೇ ಎತ್ತಿಕೊಂಡಿದೆ. ಹೀಗೆ ನೆಲ, ನೀರು ಎರಡನ್ನೂ ಒಳಗೊಳ್ಳುವ ಗೆರೆಗೆ ನಮ್ಮ ಜಮೀನಿನ ಕಾಗದಪತ್ರಗಳಲ್ಲಿ ಬಳಕೆಯಲ್ಲಿರುವ ‘ಎಲ್ಲೆ’ಗಿಂತ ಒಳ್ಳೆಯ ಮಾತಿಲ್ಲ. ಫಲಕದ ಮೇಲೆ ‘ಅಧಿಸೂಚಿತ ಬಂದರಿನ ಎಲ್ಲೆ’ ಎಂದು ಬರೆಯಿಸಲು ನಿರ್ಧರಿಸಿದ್ದೇನೆ.

ಕರಡಿನ ಎರಡನೆಯ ಸಾಲು ಇನ್ನೂ ಕೆಟ್ಟಿದೆ. 1908ರ ಕಾಯಿದೆಯ ಪ್ರಕಾರ ಭರತರೇಖೆಯೆಂದರೆ ವರ್ಷದ ಯಾವುದೇ ಕಾಲದಲ್ಲಿ ಸಾಮಾನ್ಯವಾದ ‘ಸ್ಪ್ರಿಂಗ್ ಟೈಡ್’ ಮುಟ್ಟುವ ಅತ್ಯಂತ ಎತ್ತರದ ಗೆರೆ. ಅದನ್ನು ‘ವಸಂತಕಾಲದ ಭರತ’ ಎಂದು ಅನುವಾದಿಸಿದ್ದಾರೆ. ಇದು ಋತುವಿನ ಮಾತಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದಾಗಿ ಏರುವ ನೀರು. ಕರಡಿನ ಮಾತನ್ನು ನಂಬಿ ದಡದಲ್ಲಿ ಬಲೆ ಒಣಗಿಸುವವನೊಬ್ಬ, ಚೈತ್ರ ವೈಶಾಖ ಕಳೆದ ಮೇಲೆ ಆ ಗೆರೆ ತನಗೆ ಅನ್ವಯಿಸುವುದಿಲ್ಲವೆಂದು ತಿಳಿದುಕೊಂಡರೆ ತಪ್ಪು ಅವನದಲ್ಲ.

‘ಅಮಾವಾಸ್ಯೆ ಹುಣ್ಣಿಮೆಯ ಭರತ’ ಎಂದು ನಾನು ತಿದ್ದಿದ್ದೇನೆ, ಆದರೆ ಫಲಕದಲ್ಲಿ ಜಾಗ ಕಡಿಮೆ. ಕುಂಬಳೆ, ಮಂಜೇಶ್ವರದ ಕಡಲಿಗಿಳಿಯುವವರು ಇದಕ್ಕೆ ಒಂದೇ ಪದವನ್ನು ಬಳಸುತ್ತಿದ್ದರೆ, ಅದು ತುಳುವಾದರೂ ಸರಿ, ಬುಧವಾರದೊಳಗೆ ದಯವಿಟ್ಟು ತಿಳಿಸಿ.