ಫೋಟೋ ಸಂಗ್ರಹ ಸಾಗಿಸುವಾಗ ‘ಇಂಪೋರ್ಟ್’ಗೆ ‘ಆಮದು’ ಸರಿಯೇ?

ಪ್ರಶ್ನೆ – ದಾವಣಗೆರೆಯಿಂದ

ನಮಸ್ಕಾರ. ಹಳೆ ಕಂಪ್ಯೂಟರಿನ ಫೋಟೋಗಳನ್ನು ಹೊಸದಕ್ಕೆ ತರುವ ಕ್ರಮವನ್ನು ಇಲ್ಲಿನ ಸ್ಟುಡಿಯೋದವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರದು ವಿಂಡೋಸ್, ಲೈಟ್‌ರೂಮ್ ಕ್ಲಾಸಿಕ್ (ಫೋಟೋಗಳನ್ನು ಜೋಡಿಸಿಟ್ಟು ತಿದ್ದುವ ತಂತ್ರಾಂಶ). ‘ಇಂಪೋರ್ಟ್’ಗೆ ರೂಢಿಯಲ್ಲಿರುವುದು ‘ಆಮದು’. ಎಪಿಎಂಸಿ ಇರುವ ಊರಲ್ಲಿ ಆಮದು, ಆವಕ ಅಂದರೆ ಮಾಲು ಬಂದು ಇಳಿದಿರಬೇಕು. ಇಂಪೋರ್ಟ್ ಪರದೆಯಲ್ಲಿ ‘ಆ್ಯಡ್’ ಆರಿಸಿದರೆ ಒಂದು ಫೋಟೋವೂ ಇದ್ದ ಜಾಗದಿಂದ ಕದಲುವುದಿಲ್ಲ. ಆಮದು ಆಯಿತಲ್ಲ ಎಂದು ಹಳೆ ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಉಳಿಯುವುದು ಬರೀ ಪ್ರಿವ್ಯೂ, ಅಂದರೆ ಪರದೆಯಲ್ಲಿ ನೋಡಲಿಕ್ಕಿರುವ ಪ್ರತಿ. ಇದಕ್ಕೆ ತಕ್ಕ ಪದ ಯಾವುದು? ‘ಮೂವ್’, ‘ಕ್ಯಾಟಲಾಗ್’, ‘ಡೇಟ್’ ಬಗ್ಗೆಯೂ ತಿಳಿದವರು ಹೇಳಬೇಕು.

ಉತ್ತರ – ಚಿತ್ರದುರ್ಗದಿಂದ

ಸರ್, ‘ಆ್ಯಡ್’ಗೆ ‘ನಮೂದು’ ಅನ್ನಿ. ಫೋಟೋ ಎಲ್ಲಿದೆಯೋ ಅಲ್ಲೇ ಇರುತ್ತದೆ, ಅದರ ವಿಳಾಸ ಮಾತ್ರ ಲೈಟ್‌ರೂಮಿನ ದಾಖಲೆಯಾದ ಕ್ಯಾಟಲಾಗಿಗೆ ಸೇರುತ್ತದೆ. ಅದೇ ಪರದೆಯ ‘ಕಾಪಿ’ಗೆ ನಕಲು ಸಾಕು. ‘ಆ್ಯಡ್’, ‘ಕಾಪಿ’, ‘ಮೂವ್’ ಮೂರನ್ನೂ ‘ಆಮದು’ ಎಂಬ ಒಂದೇ ಮಾತಿನಡಿ ತಂದರೆ ನೀವು ಹೇಳಿದ ಅನಾಹುತ ಆಗಿಯೇ ಆಗುತ್ತದೆ.

‘ಮೂವ್’ ವಿಚಾರದಲ್ಲಿ ಪದಕ್ಕಿಂತ ಕ್ರಿಯೆಯನ್ನೇ ತಪ್ಪಿಸಿ. ವಿಂಡೋಸಿನಲ್ಲಿ ಒಂದು ಡ್ರೈವಿನಿಂದ ಇನ್ನೊಂದಕ್ಕೆ ಮೂವ್ ಅಂದರೆ ನಕಲು ಮಾಡುತ್ತ ಮಾಡುತ್ತ ಹಳೆಯದನ್ನು ಅಳಿಸುವುದು. ನಡುವೆ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಮೌಸಿನಲ್ಲಿ ಎಳೆದು ಬಿಟ್ಟಾಗ ಅದೇ ಡ್ರೈವಿನೊಳಗಾದರೆ ಮೂವ್ ಆಗುತ್ತದೆ, ಬೇರೆ ಡ್ರೈವಾದರೆ ಕಾಪಿ. ಅದಕ್ಕೇ ‘ಸ್ಥಳಾಂತರಿಸಿ’ ಎಂದು ಎಲ್ಲೂ ಬರೆಯಬೇಡಿ. ‘ನಕಲಿಸಿ, ತಾಳೆ ನೋಡಿ, ಆಮೇಲೆ ಅಳಿಸಿ’ ಎಂದು ಮೂರು ಮಾತಿನಲ್ಲೇ ಬರೆಯಿರಿ.

ತಾಳೆ ನೋಡುವುದು ಹೀಗೆ: ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆಯನ್ನೂ ಬೈಟ್ ಲೆಕ್ಕವನ್ನೂ ಹೋಲಿಸಬೇಕು. ಅಲ್ಲಿ ‘ಸೈಜ್’, ‘ಸೈಜ್ ಆನ್ ಡಿಸ್ಕ್’ ಎಂದು ಎರಡು ಸಾಲಿರುತ್ತವೆ. ಮೊದಲನೆಯದು ಗಾತ್ರ, ಎರಡನೆಯದು ಡಿಸ್ಕಿನಲ್ಲಿ ಹಿಡಿದ ಜಾಗ. ಜಾಗ ಡಿಸ್ಕಿನ ಫಾರ್ಮ್ಯಾಟಿನ ಮೇಲೆ ಬದಲಾಗಬಹುದು, ಗಾತ್ರ ಒಂದು ಬೈಟೂ ಆಚೀಚೆ ಆಗಕೂಡದು. ಫೋಟೋ ಸಾಗಿಸಲು ಬಳಸುವ ಮಧ್ಯದ ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಮದುವೆ ವಿಡಿಯೋ ಅದರಲ್ಲಿ ಕೂರುವುದೇ ಇಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ.

‘ಕ್ಯಾಟಲಾಗ್’ ಹಾಗೇ ಇರಲಿ. ‘ಸೂಚಿ’ ಎಂದರೆ ಬರೀ ಪಟ್ಟಿ ಅಂದುಕೊಳ್ಳುತ್ತಾರೆ. ಬಣ್ಣ ತಿದ್ದಿದ್ದು, ಸ್ಟಾರ್ ಕೊಟ್ಟಿದ್ದು, ಕಲೆಕ್ಷನ್ (ಆರಿಸಿಟ್ಟ ಗುಂಪು), ವರ್ಚುಯಲ್ ಕಾಪಿ (ಫೈಲು ನಕಲಾಗದೆ ಅದೇ ಫೋಟೋವನ್ನು ಇನ್ನೊಂದು ಬಗೆಯಲ್ಲಿ ತಿದ್ದಿದ್ದು), ಎಲ್ಲವೂ ಕ್ಯಾಟಲಾಗಿನ ಎಲ್‌ಆರ್‌ಕ್ಯಾಟ್ ಫೈಲಿನಲ್ಲಿವೆ. ಎಕ್ಸ್‌ಎಂಪಿ (ಫೋಟೋ ಜೊತೆಗೇ ಇಡುವ ತಿದ್ದುಪಡಿಯ ವಿವರ) ಬರೆಸಿಕೊಂಡಿದ್ದರೂ ಕಲೆಕ್ಷನ್, ವರ್ಚುಯಲ್ ಕಾಪಿ ಅದರಲ್ಲಿ ಬರುವುದಿಲ್ಲ. ಹಾಗಾಗಿ ಹೊಸ ಯಂತ್ರದಲ್ಲಿ ಮತ್ತೆ ಇಂಪೋರ್ಟ್ ಮಾಡಿಸಬೇಡಿ. ಲೈಟ್‌ರೂಮ್ ಮುಚ್ಚಿ, ಕ್ಯಾಟಲಾಗ್ ಇರುವ ಫೋಲ್ಡರನ್ನು ಇಡಿಯಾಗಿ ನಕಲಿಸಿ, ಹೊಸದರಲ್ಲಿ ಆ ಫೈಲಿನ ಮೇಲೆಯೇ ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಕು. 2021ರ 11ನೇ ಆವೃತ್ತಿಯಿಂದೀಚೆಗೆ ಪಕ್ಕದಲ್ಲೇ ಎಲ್‌ಆರ್‌ಕ್ಯಾಟ್-ಡೇಟಾ ಎಂಬುದೂ ಇರುತ್ತದೆ. ಅದು ಬಿಟ್ಟುಹೋದರೆ ಮಾಸ್ಕಿನ (ಫೋಟೋದ ಒಂದು ಭಾಗವನ್ನಷ್ಟೇ ಆರಿಸಿ ತಿದ್ದಿದ) ಕೆಲಸ ಕೈಬಿಡಬಹುದು. ಪ್ರಿವ್ಯೂ ಬಿಟ್ಟರೂ ನಡೆದೀತು, ಮತ್ತೆ ಕಟ್ಟಿಕೊಳ್ಳುತ್ತದೆ.

ತೆರೆದಾಗ ಫೋಲ್ಡರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ‘ಮಿಸ್ಸಿಂಗ್’ ಅನ್ನುತ್ತದೆ. ಇದಕ್ಕೆ ‘ಕಳೆದುಹೋಗಿದೆ’ ಎಂದು ಬರೆಯಬೇಡಿ, ಜನ ಗಾಬರಿಬಿದ್ದು ಕ್ಯಾಟಲಾಗಿನಿಂದ ತೆಗೆದುಬಿಡುತ್ತಾರೆ, ತಿದ್ದಿದ ಕೆಲಸವೂ ಅದರ ಜೊತೆ ಹೋಗುತ್ತದೆ. ‘ವಿಳಾಸ ಸಿಗುತ್ತಿಲ್ಲ’ ಅನ್ನುವುದೇ ನಿಜ. ಹಳೆಯದರಲ್ಲಿ ಇ ಆಗಿದ್ದ ಡ್ರೈವ್ ಹೊಸದರಲ್ಲಿ ಎಫ್ ಆಗಿರುತ್ತದೆ, ಅಷ್ಟೇ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಳೆ ಅಕ್ಷರವನ್ನೇ ಕೊಡಿ, ಇಲ್ಲವೇ ಮೇಲಿನ ಫೋಲ್ಡರಿನ ಮೇಲೆ ಬಲಕ್ಲಿಕ್ ಮಾಡಿ ‘ಫೈಂಡ್ ಮಿಸ್ಸಿಂಗ್ ಫೋಲ್ಡರ್’ನಿಂದ ಹೊಸ ಜಾಗ ತೋರಿಸಿ.

‘ದಿನಾಂಕ’ ಒಂದೇ ಪದ ಸಾಲದು. ನಕಲಿಸಿದಾಗ ವಿಂಡೋಸಿನ ‘ಡೇಟ್ ಕ್ರಿಯೇಟೆಡ್’ ನಕಲಾದ ದಿನಕ್ಕೆ ತಿರುಗುತ್ತದೆ, ‘ಮಾಡಿಫೈಡ್’ ಹಾಗೇ ಉಳಿಯುತ್ತದೆ. ಫೋಟೋ ಹೊಡೆದ ದಿನ, ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ಮಾಹಿತಿಯಾದ ಎಕ್ಸಿಫ್‌ನೊಳಗಿದ್ದು ಕೆಡುವುದಿಲ್ಲ. ‘ಫೈಲ್ ಹುಟ್ಟಿದ ದಿನ’, ‘ತಿದ್ದಿದ ದಿನ’, ‘ತೆಗೆದ ದಿನ’ ಎಂದು ಬೇರೆ ಮಾಡಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದವುಗಳಲ್ಲಿ ‘ತೆಗೆದ ದಿನ’ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು – ಹರಿಹರದಿಂದ

ಮ್ಯಾಕ್ ಇರುವವರಿಗೆ ಒಂದು ಪದ ಸೇರಿಸಿ: ‘ಮೂಲಪ್ರತಿ’. ಐಕ್ಲೌಡ್ ಫೋಟೋಸ್‌ನಲ್ಲಿ ‘ಆಪ್ಟಿಮೈಸ್ ಮ್ಯಾಕ್ ಸ್ಟೋರೇಜ್’ ಇದ್ದರೆ ಯಂತ್ರದಲ್ಲಿ ಹಲವು ಫೋಟೋಗಳ ಸಣ್ಣ ಪ್ರತಿ ಮಾತ್ರ ಇರಬಹುದು. ಲೈಬ್ರರಿ ನಕಲಿಸುವ ಮೊದಲು ‘ಡೌನ್‌ಲೋಡ್ ಒರಿಜಿನಲ್ಸ್’ ಆರಿಸಿ, ಎಲ್ಲ ಇಳಿಯುವವರೆಗೆ ಕಾಯಬೇಕು. ಹೊಸ ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ಫೋಟೋಸ್ ತೆರೆದರೆ ಯಾವ ಲೈಬ್ರರಿ ಎಂದು ಕೇಳುತ್ತದೆ.